ಮನೆಯಿಂದಲೇ ಮನಸ್ಸು ಮತ್ತು ಮಿದುಳಿನ ಸ್ನಾತಕೋತ್ತರ ಓದು: ಪದವಿ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಪ್ರಶ್ನೆ: ಮಾನ್ಯರೇ, ನಾನು ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ಅಧ್ಯಾಪಿಕೆ. ಬಿ.ಎಸ್ಸಿ., ಬಿ.ಎಡ್. ಆಗಿದೆ, ಪ್ರಾಯ ಮೂವತ್ತೇಳು. ನನ್ನ ಗಂಡನ ತಮ್ಮನಿಗೆ ಬೈಪೋಲಾರ್ ಕಾಯಿಲೆಯಿದೆ ಎಂದು ಮಂಗಳೂರಿನ ವೈದ್ಯರು ಹೇಳಿ ಮದ್ದು ಕೊಡುತ್ತಿದ್ದಾರೆ. ಮನೆಯ ಹಿರಿಯರು ಜ್ಯೋತಿಷಿಯಲ್ಲಿ ಪ್ರಶ್ನೆ ಇರಿಸಿ, ದೈವದ ಉಪದ್ರವೆಂದು ತಿಳಿದು ಪರಿಹಾರವನ್ನೂ ಮಾಡಿಸಿದ್ದಾರೆ. ಈ ಕಾಯಿಲೆ ಏನು, ಏಕೆ ಬರುತ್ತದೆ, ಮನೆಯವರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಸರಿಯಾಗಿ ತಿಳಿಯಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇದೆ. ನನ್ನ ತರಗತಿಯಲ್ಲಿಯೂ ಪರೀಕ್ಷೆ ಹತ್ತಿರ ಬಂದಂತೆ ಊಟ, ನಿದ್ರೆ ಬಿಟ್ಟು ಕಂಗಾಲಾಗುವ ಮಕ್ಕಳಿದ್ದಾರೆ. ಲಂಡನ್ನಿನ ಕಿಂಗ್ಸ್ ಕಾಲೇಜು ಆನ್‌ಲೈನ್ ಮೂಲಕ ನಡೆಸುವ ‘ಮಾನಸಿಕ ಆರೋಗ್ಯದ ಮನಃಶಾಸ್ತ್ರ ಮತ್ತು ನರವಿಜ್ಞಾನ’ ಎಂಬ ಎಂ.ಎಸ್ಸಿ. ಕೋರ್ಸಿಗೆ ಸೇರಬಹುದೇ ಎಂದು ಯೋಚಿಸುತ್ತಿದ್ದೇನೆ. ಮನಃಶಾಸ್ತ್ರ ಓದದ ನನಗೆ ಇದು ಸಾಧ್ಯವೇ? ಕೆಲಸ ಬಿಡದೆ ಓದಲು ಆಗುತ್ತದೆಯೇ? ಮುಗಿಸಿದ ಮೇಲೆ ಕೇರಳದಲ್ಲಾಗಲಿ ಕರ್ನಾಟಕದಲ್ಲಾಗಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಬಹುದೇ? ದಯವಿಟ್ಟು ತಿಳಿಸಿ.
— ಒಬ್ಬ ಅಧ್ಯಾಪಿಕೆ, ಕುಂಬಳೆ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆಸೆಗಳು ಒಟ್ಟಿಗೆ ಹೆಣೆದುಕೊಂಡಿವೆ. ಕಾಯಿಲೆಯನ್ನು ಅರಿಯಬೇಕೆಂಬುದು ಒಂದು. ಅರಿತ ಮೇಲೆ ಇತರರಿಗೆ ಸಮಾಲೋಚನೆ ನೀಡಬೇಕೆಂಬುದು ಇನ್ನೊಂದು. ನೀವು ಹೆಸರಿಸಿದ ಕೋರ್ಸು ಮೊದಲನೆಯ ಆಸೆಯನ್ನು ಚೆನ್ನಾಗಿ ಈಡೇರಿಸಬಲ್ಲುದು. ಎರಡನೆಯದಕ್ಕೆ ಅದೊಂದೇ ಸಾಲದು. ಶುಲ್ಕವೇ ಹಲವು ಲಕ್ಷ ರೂಪಾಯಿಗಳಾಗುವ ವಿಷಯವಾದ್ದರಿಂದ, ಹಣ ಕಟ್ಟುವ ಮೊದಲೇ ಈ ವ್ಯತ್ಯಾಸ ನಿಮಗೆ ಸ್ಪಷ್ಟವಾಗಿರಬೇಕೆಂದು ಆರಂಭದಲ್ಲಿಯೇ ಇದನ್ನು ಹೇಳುತ್ತಿದ್ದೇನೆ.

ಕೋರ್ಸಿನ ಸ್ವರೂಪ ಹೀಗಿದೆ. ಇದನ್ನು ನಡೆಸುವುದು ಕಿಂಗ್ಸ್ ಕಾಲೇಜಿನ ಮನೋವೈದ್ಯಶಾಸ್ತ್ರ, ಮನಃಶಾಸ್ತ್ರ ಮತ್ತು ನರವಿಜ್ಞಾನ ಸಂಸ್ಥೆ. ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದಲ್ಲಿ 1923ರಲ್ಲಿ ತೆರೆದ ಮಾಡ್ಸ್ಲಿ ಆಸ್ಪತ್ರೆಯ ಜೊತೆಯಲ್ಲಿ ಬೆಳೆದ ಸಂಸ್ಥೆಯಿದು. 1997ರಲ್ಲಿ ಕಿಂಗ್ಸ್ ಕಾಲೇಜಿನೊಳಗೆ ಸೇರಿತು. ಬ್ರಿಟನ್ನಿನ ಪದ್ಧತಿಯಲ್ಲಿ ಪೂರ್ಣ ಎಂ.ಎಸ್ಸಿ.ಗೆ 180 ಕ್ರೆಡಿಟ್, ಸ್ನಾತಕೋತ್ತರ ಡಿಪ್ಲೊಮಾಕ್ಕೆ 120 ಕ್ರೆಡಿಟ್, ಸ್ನಾತಕೋತ್ತರ ಸರ್ಟಿಫಿಕೇಟಿಗೆ 60 ಕ್ರೆಡಿಟ್ ಬೇಕು. ಒಂದು ಕ್ರೆಡಿಟ್ ಎಂದರೆ ಸುಮಾರು 10 ಗಂಟೆಗಳ ಓದು ಎಂದು ಲೆಕ್ಕ. ಅಂದರೆ ಎಂ.ಎಸ್ಸಿ.ಗೆ 1,800 ಗಂಟೆ. ಎರಡು ವರ್ಷಗಳಲ್ಲಿ ಮುಗಿಸಬೇಕಾದರೆ ವಾರಕ್ಕೆ 17 ಗಂಟೆಗಳಿಗಿಂತ ಸ್ವಲ್ಪ ಹೆಚ್ಚು. ಹಬ್ಬ, ಜ್ವರ, ಮೌಲ್ಯಮಾಪನ ಶಿಬಿರ, ಮನೆಯ ಮದುವೆಗಳಿಗೆಂದು ಕೈಬಿಟ್ಟುಹೋಗುವ ವಾರಗಳನ್ನು ಕಳೆದರೆ ಉಳಿದ ವಾರಗಳಲ್ಲಿ 20 ಗಂಟೆಯಾದರೂ ಇಡಬೇಕಾಗುತ್ತದೆ. ಶಾಲೆಯ ಕೆಲಸ, ಅಡುಗೆ, ಮಕ್ಕಳ ಪಾಠಗಳ ನಡುವೆ ಇಷ್ಟು ಸಮಯ ಎಲ್ಲಿಂದ ಬರುತ್ತದೆ ಎಂಬುದನ್ನು ಮನೆಯವರೊಂದಿಗೆ ಕುಳಿತು ಮಾತಾಡಿ; ನೀವೊಬ್ಬರೇ ನಿರ್ಧರಿಸಿದರೆ ಆ ಸಮಯವೆಲ್ಲ ನಿಮ್ಮ ನಿದ್ರೆಯಿಂದಲೇ ಕಡಿತವಾಗುತ್ತದೆ. ಲಂಡನ್ನಿನಲ್ಲಿ ಸಂಜೆ 6 ಗಂಟೆಗೆ ನೇರ ತರಗತಿ ಇಟ್ಟರೆ ನಮ್ಮಲ್ಲಿ ಚಳಿಗಾಲದಲ್ಲಿ ರಾತ್ರಿ 11.30, ಬೇಸಿಗೆಯಲ್ಲಿ 10.30 ಆಗಿರುತ್ತದೆ. ಇಂಥ ತರಗತಿಗಳನ್ನು ರೆಕಾರ್ಡ್ ಮಾಡಿ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ಜೂನ್, ಜುಲೈ ತಿಂಗಳಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ನಮ್ಮ ಕಡೆಯಲ್ಲಿ ಪಾಠಗಳನ್ನು ಇಳಿಸಿಕೊಂಡು ಓದುವ ಸೌಕರ್ಯ ಇದೆಯೇ ಎಂಬುದೂ ಚಿಕ್ಕ ಪ್ರಶ್ನೆಯಲ್ಲ.

ಮನಃಶಾಸ್ತ್ರದ ಪದವಿ ಇಲ್ಲ ಎಂಬ ನಿಮ್ಮ ಅಳುಕಿಗೆ ಅಷ್ಟು ಕಾರಣವಿಲ್ಲ. ಇಂತಹ ಕೋರ್ಸುಗಳು ಸಾಮಾನ್ಯವಾಗಿ ಜೀವವಿಜ್ಞಾನ ಓದಿದವರನ್ನು, ಶಿಕ್ಷಣ ಅಥವಾ ಆರೋಗ್ಯ ಕ್ಷೇತ್ರದ ಅನುಭವ ಇರುವವರನ್ನು ಪರಿಗಣಿಸುತ್ತವೆ. ನರಕೋಶ, ಹಾರ್ಮೋನು, ಅನುವಂಶೀಯತೆ ನೀವು ದಿನವೂ ಕಲಿಸುವ ವಿಷಯಗಳು. ಇಂಗ್ಲಿಷ್ ಭಾಷಾ ಪರೀಕ್ಷೆಯ ಅಂಕವನ್ನು ಮಾತ್ರ ಅವರು ಕೇಳಿಯೇ ಕೇಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವುದಕ್ಕಿಂತ, ಒಬ್ಬ ಸಂಶೋಧಕನ ವಾದವನ್ನು ಇನ್ನೊಬ್ಬನ ವಾದದ ಎದುರಿಗೆ ಇಟ್ಟು ತೂಗಿ ನೋಡಿ ತನ್ನ ತೀರ್ಮಾನವನ್ನು ಬರೆಯುವುದು ಕಷ್ಟವಾಗುವುದನ್ನು ಕಂಡಿದ್ದೇನೆ. ಈ ಕಷ್ಟ ಭಾಷೆಯದಕ್ಕಿಂತ ಹೆಚ್ಚಾಗಿ ಅಭ್ಯಾಸದ್ದು. ನಮ್ಮ ಪರೀಕ್ಷೆಗಳು ನೆನಪಿನಿಂದ ಬರೆಯುವುದನ್ನು ಕಲಿಸಿವೆ. ಅಲ್ಲಿ ಪ್ರಬಂಧವೊಂದಕ್ಕೆ ಅಂಕ ಬರುವುದು ‘ಈ ಅಧ್ಯಯನವನ್ನು ನಾನು ಎಷ್ಟರಮಟ್ಟಿಗೆ ನಂಬುತ್ತೇನೆ, ಏಕೆ’ ಎಂಬುದನ್ನು ಬಿಡಿಸಿ ಹೇಳಿದಾಗ. ಜೊತೆಗೆ ಸಂಖ್ಯಾಶಾಸ್ತ್ರವೂ ಇದೆ. ಅದನ್ನು ತಪ್ಪಿಸಿಕೊಂಡು ಈ ವಿಷಯ ಓದಲು ಯಾರಿಗೂ ಆಗುವುದಿಲ್ಲ.

ಇನ್ನು ಸಮಾಲೋಚನೆಯ ಮಾತು. ಬ್ರಿಟನ್ನಿನಲ್ಲಿಯೇ ಕ್ಲಿನಿಕಲ್ ಸೈಕಾಲಜಿಸ್ಟ್ (ಚಿಕಿತ್ಸಾ ಮನಃಶಾಸ್ತ್ರಜ್ಞ) ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಅದನ್ನು ಬಳಸಲು ಪ್ರತ್ಯೇಕವಾದ ಡಾಕ್ಟರೇಟ್ ತರಬೇತಿ, ಆಮೇಲೆ ಆರೋಗ್ಯ ವೃತ್ತಿಗಳ ಮಂಡಳಿಯಲ್ಲಿ ನೋಂದಣಿ ಬೇಕು; ಒಂದು ಆನ್‌ಲೈನ್ ಎಂ.ಎಸ್ಸಿ.ಯಿಂದ ಅಲ್ಲಿಯವರಿಗೂ ಆ ಹಕ್ಕು ಬರುವುದಿಲ್ಲ. ನಮ್ಮ ದೇಶದಲ್ಲಿ 1992ರ ಕಾಯ್ದೆಯ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. 2017ರ ಮಾನಸಿಕ ಆರೋಗ್ಯ ಕಾಳಜಿ ಕಾಯ್ದೆಯೂ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂಬುದನ್ನು ವಿವರಿಸುವಾಗ ಪರಿಷತ್ತು ಮಾನ್ಯ ಮಾಡಿದ ಅರ್ಹತೆಯನ್ನು, ಇಲ್ಲವೇ ಸ್ನಾತಕೋತ್ತರ ಪದವಿಯ ಮೇಲೆ ಮೇಲ್ವಿಚಾರಣೆಯಡಿ ರೋಗಿಗಳ ನಡುವೆ ಪಡೆದ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ತರಬೇತಿಯನ್ನು ಕೇಳುತ್ತದೆ. ಯುಜಿಸಿ ಎಂ.ಫಿಲ್. ಪದವಿಯನ್ನು ನಿಲ್ಲಿಸುವ ತೀರ್ಮಾನ ಮಾಡಿರುವುದರಿಂದ ಆ ಜಾಗಕ್ಕೆ ಬೇರೆ ಕೋರ್ಸುಗಳು ಬರುತ್ತಿವೆ. ಸೇರುವವರು ಪರಿಷತ್ತಿನ ಇತ್ತೀಚಿನ ಪಟ್ಟಿಯನ್ನೇ ನೋಡಬೇಕು. ಇತರ ಮನಃಶಾಸ್ತ್ರಜ್ಞರು ಮತ್ತು ಸಮಾಲೋಚಕರನ್ನು 2021ರ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯೊಳಗೆ ತರಲಾಗಿದೆ. ಎಂದರೆ, ಬೋರ್ಡು ಹಾಕಿಕೊಂಡು ಯಾರು ಬೇಕಾದರೂ ಸಮಾಲೋಚನೆ ಮಾಡಬಹುದು ಎಂಬ ಸ್ಥಿತಿ ಇನ್ನು ಮುಂದುವರಿಯಲಾರದು. ಇದು ಒಳ್ಳೆಯದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ನೊಂದು ಬಂದವರ ಮಾತು ಕೇಳುವುದಕ್ಕೆ ಒಳ್ಳೆಯ ಮನಸ್ಸು ಬೇಕು, ನಿಜ. ಆದರೆ ಎದುರಿಗಿರುವ ಹುಡುಗಿ ಸಾಯುವ ಯೋಚನೆಯಲ್ಲಿದ್ದಾಳೆಯೇ ಎಂದು ನೇರವಾಗಿ ಕೇಳಲು, ಕೇಳಿದ ಮೇಲೆ ಮುಂದಿನ ಅರ್ಧ ಗಂಟೆಯಲ್ಲಿ ಏನು ಮಾಡಬೇಕೆಂದು ತಿಳಿಯಲು, ಪಳಗಿದವರು ಪಕ್ಕದಲ್ಲಿ ಕುಳಿತು ತಿದ್ದಿರಬೇಕು. ಪರದೆಯ ಮೇಲಿನ ಪಾಠದಿಂದ ಆ ಕೆಲಸ ಆಗುವುದಿಲ್ಲ.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ಓದು, ಚಿಕಿತ್ಸೆ, ನೆಂಟಸ್ತಿಕೆ ಎಲ್ಲವೂ ಮಂಗಳೂರಿನ ಕಡೆಗೆ. ಉದ್ಯೋಗದ ಅರ್ಜಿ, ಪಿಎಸ್‌ಸಿ, ಸೇವಾ ದಾಖಲೆ ತಿರುವನಂತಪುರದ ಕಡೆಗೆ. ಹೊರ ರಾಜ್ಯದ ಪದವಿಗೇ ಸಮಾನತಾ ಪ್ರಮಾಣಪತ್ರ ತರಲು ನಮ್ಮ ಮಕ್ಕಳು ಅಲೆದಾಡುವುದನ್ನು ನೀವೂ ಕಂಡಿರುತ್ತೀರಿ. ವಿದೇಶದ, ಅದರಲ್ಲಿಯೂ ಆನ್‌ಲೈನ್ ಮೂಲಕ ಪಡೆದ ಪದವಿಗೆ ಅದು ತಾನಾಗಿ ಬರುತ್ತದೆಂದು ಎಣಿಸಬೇಡಿ. ಕೇರಳದ ಶಾಲೆಗಳಲ್ಲಿ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯ ಮೂಲಕ ಕೆಲಸ ಮಾಡುವ ಕೌನ್ಸಿಲರ್‌ಗಳ ಹುದ್ದೆ ನಿಮ್ಮ ಮನಸ್ಸಿನಲ್ಲಿದ್ದರೆ, ಈ ಪದವಿಯನ್ನು ಆ ಹುದ್ದೆಗೆ ಒಪ್ಪುತ್ತೀರಾ ಎಂದು ಇಲಾಖೆಗೂ ವಿಶ್ವವಿದ್ಯಾನಿಲಯಕ್ಕೂ ಪತ್ರ ಬರೆದು ಲಿಖಿತ ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದುವರಿಯಿರಿ. ಫೋನಿನಲ್ಲಿ ‘ಆಗಬಹುದು’ ಎಂದವರ ಮಾತು ನಾಳೆ ಕಡತದಲ್ಲಿ ಇರುವುದಿಲ್ಲ.

ಇಷ್ಟೆಲ್ಲ ಅಡ್ಡಿಗಳನ್ನು ಹೇಳಿದ ಮೇಲೂ ಈ ಓದು ನಿಮಗೆ ಬೇಡವೆಂದು ನಾನು ಹೇಳುವುದಿಲ್ಲ. ನಿಮ್ಮ ಮನೆಯ ಪ್ರಶ್ನೆಗೆ ಇದರಲ್ಲಿ ನಿಜವಾದ ಬೆಳಕಿದೆ. ಉನ್ಮಾದ, ಖಿನ್ನತೆ ಎರಡೂ ಬಿಟ್ಟು ಬಿಟ್ಟು ಕಾಡುವ ಬೈಪೋಲಾರ್ ಕಾಯಿಲೆಯಲ್ಲಿ ಅನುವಂಶೀಯತೆಯ ಪಾಲು ದೊಡ್ಡದೆಂದು ಅವಳಿಗಳ ಅಧ್ಯಯನಗಳು ತೋರಿಸಿವೆ. ಆದರೂ ಅದಕ್ಕೆ ಕಾರಣವಾದ ಒಂದೇ ಜೀನ್ ಎಂಬುದಿಲ್ಲ, ಸಣ್ಣ ಸಣ್ಣ ಪರಿಣಾಮ ಬೀರುವ ನೂರಾರು ವ್ಯತ್ಯಾಸಗಳು ಸೇರಿ ಸಾಧ್ಯತೆಯನ್ನು ಹೆಚ್ಚಿಸುತ್ತವೆ. 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ಲಿಥಿಯಂ ಬಳಕೆಯನ್ನು ವರದಿ ಮಾಡಿದ. ಇಂದಿಗೂ ಅದು ಈ ಕಾಯಿಲೆಯ ಮುಖ್ಯ ಮದ್ದುಗಳಲ್ಲೊಂದು, ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ಪರೀಕ್ಷಿಸುತ್ತಿರಬೇಕಾದ ಮದ್ದು. ನಿದ್ರೆ ಕೆಡುವುದು ಉನ್ಮಾದದ ಹಂತಕ್ಕೆ ಮುನ್ಸೂಚನೆಯೂ ಹೌದು, ಕೆಲವೊಮ್ಮೆ ಪ್ರಚೋದನೆಯೂ ಹೌದು. ಹಾಗಾಗಿ ರಾತ್ರಿಯಿಡೀ ನಡೆಯುವ ದೈವದ ನೇಮವೋ ಯಕ್ಷಗಾನದ ಆಟವೋ ಇರುವಾಗ ಮೈದುನನ ನಿದ್ರೆಯನ್ನು ಹೇಗೆ ಕಾಯಬೇಕೆಂದು ಅವರ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ವಿಜ್ಞಾನಕ್ಕೆ ಒಪ್ಪುವ ಕೆಲಸ. ಪ್ರಶ್ನೆ ಇರಿಸಿದ ಹಿರಿಯರೊಡನೆ ಜಗಳವಾಡುವ ಅಗತ್ಯ ನನಗೆ ಕಾಣುವುದಿಲ್ಲ. ಮದ್ದು ನಿಲ್ಲಿಸದಂತೆ ನೋಡಿಕೊಂಡರೆ ಆಯಿತು.

ಮನೆಯವರು ಹೇಗೆ ನಡೆದುಕೊಳ್ಳಬೇಕೆಂದು ಕೇಳಿದ್ದೀರಿ. ಈ ಪ್ರಶ್ನೆಯನ್ನು ಅಳೆದು ನೋಡಿದ ಸಂಶೋಧನೆ ಹುಟ್ಟಿದ್ದು ನೀವು ಓದಬೇಕೆಂದಿರುವ ಅದೇ ಸಂಸ್ಥೆಯ ಆವರಣದಲ್ಲಿ. ಜಾರ್ಜ್ ಬ್ರೌನ್ ಮತ್ತು ಸಂಗಡಿಗರು, ಆಸ್ಪತ್ರೆಯಿಂದ ಮನೆಗೆ ಹೋದ ಸ್ಕಿಜೋಫ್ರೇನಿಯಾ (ಭ್ರಮೆಗಳು ಕಾಡುವ ತೀವ್ರ ಮಾನಸಿಕ ಕಾಯಿಲೆ) ರೋಗಿಗಳಲ್ಲಿ ಕೆಲವರು ಬೇಗನೆ ಮತ್ತೆ ಹಾಸಿಗೆ ಹಿಡಿಯುವುದೇಕೆ ಎಂದು ಹುಡುಕುತ್ತ, ಮನೆಯವರನ್ನು ಕೂರಿಸಿ ಮಾತಾಡಿಸಿ ಆ ಮಾತನ್ನು ಧ್ವನಿಮುದ್ರಿಸಿಕೊಂಡರು. ಕ್ಯಾಂಬರ್‌ವೆಲ್ ಕುಟುಂಬ ಸಂದರ್ಶನವೆಂದೇ ಅದಕ್ಕೆ ಹೆಸರು. ಏನು ಹೇಳಿದರು ಎಂಬುದರ ಜೊತೆಗೆ ಯಾವ ಸ್ವರದಲ್ಲಿ ಹೇಳಿದರು ಎಂಬುದನ್ನೂ ಗಮನಿಸಿ, ಟೀಕೆಯ ಮಾತುಗಳನ್ನು ಒಂದೊಂದಾಗಿ ಎಣಿಸಿದರು. ಹಗೆತನವನ್ನು, ಅತಿಯಾಗಿ ಮೈಮೇಲೆ ಬಿದ್ದು ಕಾಳಜಿ ಮಾಡುವುದನ್ನು ಬೇರೆಯಾಗಿ ಗುರುತಿಸಿದರು. 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಪ್ರಕಟಿಸಿದ ಅಧ್ಯಯನದಲ್ಲಿ, ಇವು ಹೆಚ್ಚಾಗಿದ್ದ ಮನೆಗಳಲ್ಲಿ ವಾರಕ್ಕೆ 35 ಗಂಟೆಗಿಂತ ಹೆಚ್ಚು ಹೊತ್ತು ಮುಖಾಮುಖಿಯಾಗಿ ಕಳೆಯುವ ರೋಗಿಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚೆಂದು ಕಂಡುಬಂತು. 1980ರ ದಶಕದಲ್ಲಿ ಇದೇ ವಿಧಾನವನ್ನು ಚಂಡೀಗಢಕ್ಕೆ ತಂದು, ನರೇಂದ್ರ ವಿಗ್ ಮತ್ತು ಇತರರು ಉತ್ತರ ಭಾರತದ ಕುಟುಂಬಗಳನ್ನು ನೋಡಿದಾಗ ಟೀಕೆಯ ಮಾತು ಲಂಡನ್ನಿನ ಕುಟುಂಬಗಳಿಗಿಂತ ಗಮನಾರ್ಹವಾಗಿ ಕಡಿಮೆ ಇತ್ತು. ಬೈಪೋಲಾರ್ ಕಾಯಿಲೆಯಲ್ಲಿಯೂ ಮನೆಯ ಇಂಥ ವಾತಾವರಣಕ್ಕೆ ಮಹತ್ವವಿದೆಯೆಂದು ಮುಂದಿನ ಅಧ್ಯಯನಗಳು ತೋರಿಸಿವೆ.

ಇದರಿಂದ ಕೂಡುಕುಟುಂಬವೇ ಮದ್ದು ಎಂದು ಹೇಳಿಬಿಡುವುದು ಸುಲಭ. ಹಾಗೆ ಹೇಳುವ ಭಾಷಣಗಳೂ ಇವೆ. ಆದರೆ ಆ ಅಧ್ಯಯನಗಳು ಹೇಳಿದ್ದು ಅಷ್ಟು ಸರಳವಾಗಿಲ್ಲ. ರೋಗಿಯ ಆರೈಕೆಯ ಭಾರವೆಲ್ಲ ಒಬ್ಬ ಸೊಸೆಯ ಮೇಲೆಯೋ ತಾಯಿಯ ಮೇಲೆಯೋ ಬಿದ್ದಾಗ ಆಕೆಯ ಆರೋಗ್ಯ ಏನಾಗುತ್ತದೆ, ತೋಟದ ಕೆಲಸಕ್ಕೆ ಬಾರದವನೆಂಬ ಮಾತನ್ನು ಊಟದ ಹೊತ್ತಿನಲ್ಲಿ ದಿನವೂ ಕೇಳುವವನಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳು ನಮ್ಮ ಮನೆಗಳಲ್ಲಿಯೇ ಕೇಳಬೇಕಾದವು. ನೀವು ಈ ಕೋರ್ಸು ಸೇರಿದರೆ ನಿಮ್ಮ ಪ್ರಬಂಧಗಳನ್ನು ಇಂಥ ಪ್ರಶ್ನೆಗಳ ಸುತ್ತ ಬರೆಯಿರಿ. ಅಲ್ಲಿಯ ಅಧ್ಯಾಪಕರಿಗೂ ಅದು ಹೊಸ ವಿಷಯವಾದೀತು.

ಇಲ್ಲೊಂದು ಎಚ್ಚರಿಕೆ ಕೊಡಲೇಬೇಕು. ಕಾಸರಗೋಡಿನವರು ಮಾನಸಿಕ ಆರೋಗ್ಯದ ಸಂಶೋಧನೆಗೆ ಇಳಿದರೆ ಮೊದಲು ಕಣ್ಣಿಗೆ ಬೀಳುವುದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷದ ನೆರಳು ಎಣ್ಮಕಜೆಯ ಪಡ್ರೆಯಂಥ ಊರುಗಳ ಮೇಲೆ ಇಂದಿಗೂ ಇದೆ. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸುವಷ್ಟರಲ್ಲಿ ಒಂದು ತಲೆಮಾರೇ ನೊಂದಾಗಿತ್ತು. ಆ ಮನೆಗಳಿಗೆ ಪ್ರಶ್ನಾವಳಿ ಹಿಡಿದುಕೊಂಡು ಹೋದ ತಂಡಗಳಿಗೆ ಲೆಕ್ಕವಿಲ್ಲ. ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ, ಆ ತಾಯಂದಿರಿಗೆ ಮರಳಿ ಏನು ಕೊಡುತ್ತೇವೆಂಬುದು ಸ್ಪಷ್ಟವಿಲ್ಲದೆ, ಕೋರ್ಸಿನ ಅಸೈನ್‌ಮೆಂಟಿಗಾಗಿ ಅವರ ಅಂಗಳಕ್ಕೆ ಹೋಗಬೇಡಿ. ಆರೈಕೆ ಮಾಡುವವರ ಮನಸ್ಸಿನ ಬಗ್ಗೆ ಪ್ರಕಟವಾಗಿರುವ ಅಧ್ಯಯನಗಳನ್ನೇ ಓದಿ ತೂಗಿ ನೋಡಿದರೂ ಅಸೈನ್‌ಮೆಂಟಿಗೆ ಬೇಕಾದಷ್ಟು ವಿಷಯ ಸಿಗುತ್ತದೆ.

ನನ್ನ ಸಲಹೆ ಹೀಗಿದೆ. ಮೊದಲು ಒಂದು ಮಳೆಗಾಲ ಪೂರ್ತಿ, ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಮನಃಶಾಸ್ತ್ರದ ಕೋರ್ಸೊಂದನ್ನು ವಾರಕ್ಕೆ ಹತ್ತು ಗಂಟೆಯಂತೆ ಓದಿ ನೋಡಿ. ಸಂಶೋಧನಾ ಲೇಖನಗಳು ಉಚಿತವಾಗಿ ಸಿಗುವ ಪಬ್‌ಮೆಡ್ ಸೆಂಟ್ರಲ್ ಜಾಲತಾಣದಲ್ಲಿ ಬೈಪೋಲಾರ್ ಕಾಯಿಲೆ ಮತ್ತು ನಿದ್ರೆಯ ಬಗ್ಗೆ ಇರುವ ಒಂದು ಲೇಖನವನ್ನು ಕೋಷ್ಟಕಗಳ ಸಮೇತ ಕೊನೆಯವರೆಗೆ ಓದಿ. ಅದು ಹಿತವೆನಿಸಿದರೆ, ಆಮೇಲೂ ಲಂಡನ್ನಿನ ಓದೇ ಬೇಕೆನಿಸಿದರೆ, ಪೂರ್ಣ ಎಂ.ಎಸ್ಸಿ.ಗೆ ಒಮ್ಮೆಗೇ ಒಪ್ಪಿಕೊಳ್ಳದೆ 60 ಕ್ರೆಡಿಟಿನ ಸರ್ಟಿಫಿಕೇಟಿಗೆ ಸೇರಿ ಅಲ್ಲಿಂದ ಮುಂದುವರಿಯಲು ಅವಕಾಶವಿದೆಯೇ ಎಂದು ವಿಚಾರಿಸಿ. ಜೊತೆಜೊತೆಗೆ, ನಮ್ಮ ಜಿಲ್ಲೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ನಡೆಸುವ ಕ್ಲಿನಿಕ್ಕುಗಳಿಗೆ ಶನಿವಾರವೋ ರಜೆಯಲ್ಲೋ ಸ್ವಯಂಸೇವಕಿಯಾಗಿ ಹೋಗಲು ಅನುಮತಿ ಕೇಳಿ. ಕನ್ನಡ, ತುಳು, ಮಲಯಾಳ ಮೂರನ್ನೂ ಬಲ್ಲವರು ಅಲ್ಲಿ ಬಹಳ ಬೇಕಾಗುತ್ತಾರೆ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯ ರಾಜ್ಯಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದವರ ಪಾಡು ಏನಾಯಿತೆಂಬುದು ನಿಮಗೆ ಗೊತ್ತೇ ಇದೆ. ಮದ್ದು ಒಂದು ದಿನವೂ ತಪ್ಪಬಾರದ ಕಾಯಿಲೆಗಳಿಗೆ ಗಡಿಯ ಈಚೆಯೂ ತಿಳಿದವರಿರಬೇಕು.

ಪ್ರಶ್ನೆ: ನನ್ನ ತಂದೆಯವರಿಗೆ ಖಿನ್ನತೆಗಾಗಿ ಚಿಕಿತ್ಸೆ ನಡೆಯುತ್ತಿದೆ. ಮಿದುಳಿನ ಸ್ಕ್ಯಾನ್ ಮಾಡಿಸಿದರೆ ಕಾಯಿಲೆ ಯಾವ ಭಾಗದಲ್ಲಿದೆ ಎಂದು ತಿಳಿಯುತ್ತದೆ ಎಂದು ಸಂಬಂಧಿಕರೊಬ್ಬರು ಹೇಳುತ್ತಾರೆ. ನರವಿಜ್ಞಾನದ ಆನ್‌ಲೈನ್ ಕೋರ್ಸುಗಳ ಜಾಹೀರಾತಿನಲ್ಲಿಯೂ ಬಣ್ಣಬಣ್ಣದ ಮಿದುಳಿನ ಚಿತ್ರಗಳೇ ಇರುತ್ತವೆ. ಇದು ನಿಜವೇ? ನಾನು ಎಂಜಿನಿಯರ್, ಇಂತಹ ಕೋರ್ಸು ಓದಿದರೆ ತಂದೆಯವರಿಗೆ ಸಹಾಯವಾದೀತೇ?
— ಓದುಗರು, ಮಂಜೇಶ್ವರ

ಉತ್ತರ: ಒಬ್ಬ ವ್ಯಕ್ತಿಗೆ ಖಿನ್ನತೆ ಇದೆಯೋ ಇಲ್ಲವೋ ಎಂಬುದನ್ನು ಇಂದು ಯಾವ ಸ್ಕ್ಯಾನಿನಿಂದಲೂ ನಿರ್ಣಯಿಸಲು ಆಗುವುದಿಲ್ಲ. ವೈದ್ಯರು ಕೆಲವೊಮ್ಮೆ ಸ್ಕ್ಯಾನ್ ಬರೆದುಕೊಡುವುದು ಗೆಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನಂಥ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು, ಮುಖ್ಯವಾಗಿ ಮುಪ್ಪಿನಲ್ಲಿ ಮೊದಲ ಬಾರಿಗೆ ಲಕ್ಷಣಗಳು ಕಾಣಿಸಿಕೊಂಡಾಗ. ತಂದೆಯವರ ವೈದ್ಯರು ಹೇಳದೆ ಈ ಖರ್ಚಿಗೆ ಇಳಿಯಬೇಡಿ.

ಜಾಹೀರಾತಿನ ಆ ಬಣ್ಣದ ಚಿತ್ರಗಳು ಹೆಚ್ಚಾಗಿ ಎಫ್‌ಎಂಆರ್‌ಐ ಎಂಬ ವಿಧಾನದಿಂದ ಬಂದವು. 1990ರಲ್ಲಿ ಸೇಜಿ ಒಗಾವಾ ಮತ್ತು ಸಂಗಡಿಗರು ವಿವರಿಸಿದ ತತ್ತ್ವದ ಮೇಲೆ ಅದು ನಿಂತಿದೆ: ಕೆಲಸ ಮಾಡುತ್ತಿರುವ ಮಿದುಳಿನ ಭಾಗಕ್ಕೆ ಹರಿಯುವ ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಬದಲಾಗುತ್ತದೆ, ಆ ಬದಲಾವಣೆಯನ್ನು ಅಯಸ್ಕಾಂತ ಕ್ಷೇತ್ರದಲ್ಲಿ ಹಿಡಿಯಬಹುದು. ಎಂದರೆ ಯಂತ್ರ ಅಳೆಯುವುದು ರಕ್ತದ ಆಮ್ಲಜನಕದಲ್ಲಾಗುವ ಬದಲಾವಣೆಯನ್ನು. ಯೋಚನೆಯನ್ನೋ ದುಃಖವನ್ನೋ ನೇರವಾಗಿ ಅಲ್ಲ. ಮಿದುಳನ್ನು ಹತ್ತಾರು ಸಾವಿರ ಪುಟ್ಟ ಘನಗಳಾಗಿ ವಿಂಗಡಿಸಿ ಪ್ರತಿಯೊಂದರಲ್ಲಿಯೂ ‘ವ್ಯತ್ಯಾಸವಿದೆಯೇ’ ಎಂದು ಗಣಕ ಪರೀಕ್ಷಿಸುತ್ತದೆ. ಅಷ್ಟು ಸಲ ಪರೀಕ್ಷಿಸಿದರೆ ಕೆಲವು ಕಡೆ ಆಕಸ್ಮಿಕವಾಗಿಯೇ ‘ಹೌದು’ ಎಂಬ ಉತ್ತರ ಬರುತ್ತದೆಂಬುದು ಎಂಜಿನಿಯರ್ ಆದ ನಿಮಗೆ ಕೂಡಲೇ ಹೊಳೆಯುತ್ತದೆ. 2009ರಲ್ಲಿ ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಇದನ್ನು ತೋರಿಸಲು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಚಿತ್ರಗಳನ್ನು ‘ತೋರಿಸಿ’, ಆ ಜನರ ಭಾವನೆ ಏನಿರಬಹುದೆಂದು ‘ಕೇಳಿದರು’. ಲೆಕ್ಕವನ್ನು ಸರಿಪಡಿಸದೆ ಇದ್ದಾಗ ಸತ್ತ ಮೀನಿನ ಮಿದುಳಿನಲ್ಲಿಯೂ ಚಟುವಟಿಕೆ ಕಂಡಿತು. ಅನೇಕ ಪರೀಕ್ಷೆಗಳಿಗೆ ತಕ್ಕ ತಿದ್ದುಪಡಿ ಮಾಡಿದ ಕೂಡಲೇ ಅದು ಮಾಯವಾಯಿತು. ಆ ವಿಜ್ಞಾನಿಗಳ ಉದ್ದೇಶ ತಮ್ಮ ಶಾಸ್ತ್ರವನ್ನು ಬಲಪಡಿಸುವುದಾಗಿತ್ತು, ಅದು ಫಲಿಸಿತು ಕೂಡ.

ಇನ್ನೊಂದು ಸಮಸ್ಯೆ ಅಧ್ಯಯನಗಳ ಗಾತ್ರದ್ದು. ಮಿದುಳಿನ ರಚನೆಗೂ ಮನಸ್ಸಿನ ಲಕ್ಷಣಗಳಿಗೂ ಇರುವ ಸಂಬಂಧವನ್ನು ನಂಬಿಕೆಯಿಂದ ಹೇಳಬೇಕಾದರೆ ಸಾವಿರಾರು ಜನರ ಸ್ಕ್ಯಾನ್ ಬೇಕೆಂದು 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆ ತೋರಿಸಿತು. ಹಿಂದಿನ ಬಹುಪಾಲು ಅಧ್ಯಯನಗಳು ಕೆಲವು ಹತ್ತು ಜನರನ್ನು ನೋಡಿದವು. ಒಳ್ಳೆಯ ಸ್ನಾತಕೋತ್ತರ ಕೋರ್ಸು ಈ ದೌರ್ಬಲ್ಯಗಳನ್ನು ಮುಚ್ಚಿಡುವುದಿಲ್ಲ, ಪಾಠದ ನಡುವೆಯೇ ಇಡುತ್ತದೆ. ಸೇರುವ ಮೊದಲು ಪಠ್ಯಕ್ರಮದಲ್ಲಿ ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರಕ್ಕೆ ಎಷ್ಟು ಜಾಗವಿದೆ ನೋಡಿ. ಇಲ್ಲದಿದ್ದರೆ ಆ ಕೋರ್ಸನ್ನು ಬಿಟ್ಟುಬಿಡಿ.

ಖಿನ್ನತೆ ಎಂದರೆ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗುವುದು ಎಂಬ ಮಾತನ್ನೂ ನೀವು ಕೇಳಿರಬಹುದು. ಆ ಸರಳ ವಿವರಣೆಗೆ ದೃಢವಾದ ಆಧಾರ ಕಾಣುವುದಿಲ್ಲವೆಂದು 2022ರ ಒಂದು ಸಮೀಕ್ಷಾ ಲೇಖನ ಹೇಳಿದಾಗ ಜಗತ್ತಿನಾದ್ಯಂತ ಚರ್ಚೆಯಾಯಿತು. ಅದನ್ನು ಓದಿ ಮಾತ್ರೆ ನಿಲ್ಲಿಸಿದವರೂ ಇದ್ದಾರೆ, ಅದು ಅಪಾಯ. ಮಾತ್ರೆ ಹೇಗೆ ಕೆಲಸ ಮಾಡುತ್ತದೆಂಬ ವಿವರಣೆ ಅಪೂರ್ಣವಾಗಿದ್ದರೂ ಮಧ್ಯಮ ಮತ್ತು ತೀವ್ರ ಖಿನ್ನತೆಯಲ್ಲಿ ಅದು ಅನೇಕರಿಗೆ ಉಪಕಾರ ಮಾಡುತ್ತದೆಂಬುದು ಪ್ರಯೋಗಗಳಿಂದ ತಿಳಿದ ಸಂಗತಿ, ಥಟ್ಟನೆ ನಿಲ್ಲಿಸಿದರೆ ತೊಂದರೆಯಾಗುತ್ತದೆಂಬುದೂ ತಿಳಿದ ಸಂಗತಿ.

ತಂದೆಯವರಿಗೆ ಈಗ ಸಹಾಯವಾಗಬೇಕಾದರೆ ಎರಡು ವರ್ಷದ ಕೋರ್ಸಿಗೆ ಕಾಯುವುದು ಬೇಡ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲಿಯೂ ಇದೆ. ಕಳೆದ ಎರಡು ವಾರಗಳಲ್ಲಿ ಉತ್ಸಾಹ, ನಿದ್ರೆ, ಹಸಿವು, ಆಯಾಸ, ಏಕಾಗ್ರತೆ ಮೊದಲಾದವು ಹೇಗಿದ್ದವೆಂದು ಪ್ರತಿ ಪ್ರಶ್ನೆಗೆ 0ರಿಂದ 3ರವರೆಗೆ ಅಂಕ ಕೊಡುವ ಕ್ರಮವದು, ಒಟ್ಟು 27. ಅಂಕವೇ ರೋಗನಿರ್ಣಯವಾಗುವುದಿಲ್ಲ. ಸಕ್ಕರೆ ಕಾಯಿಲೆಯ ಆಯಾಸಕ್ಕೂ, ಅಡಿಕೆಗೆ ಕೊಳೆರೋಗ ಬಂದು ಫಸಲು ಕೈತಪ್ಪಿದ ವರ್ಷದ ನಿದ್ರೆಯಿಲ್ಲದ ರಾತ್ರಿಗಳಿಗೂ ಅಂಕ ಏರಬಹುದು. ಆದರೆ ಚಿಕಿತ್ಸೆಯ ನಡುವೆ ತಿಂಗಳಿಗೊಮ್ಮೆ ಬರೆದಿಟ್ಟು ವೈದ್ಯರಿಗೆ ತೋರಿಸಿದರೆ ಏರಿಳಿತ ಅವರಿಗೆ ಕಾಣುತ್ತದೆ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದಕ್ಕೆ 0 ಬಿಟ್ಟು ಬೇರೆ ಉತ್ತರ ಬಂದರೆ ತಿಂಗಳ ಭೇಟಿಗೆ ಕಾಯದೆ ಅಂದೇ ವೈದ್ಯರನ್ನು ಸಂಪರ್ಕಿಸಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಇದೆ.

ಪ್ರಶ್ನೆ: ನಾನು ಈರೋಡ್ ಜಿಲ್ಲೆಯ ತಾಳವಾಡಿಯವನು, ಎಂ.ಎಸ್.ಡಬ್ಲ್ಯು. ಮುಗಿಸಿದ್ದೇನೆ. ವಿದೇಶದ ಕೋರ್ಸಿಗೆ ಹಣವಿಲ್ಲ. ಭಾರತದಲ್ಲಿಯೇ ದೂರಶಿಕ್ಷಣದಲ್ಲಿ ಎಂ.ಎ. ಮನಃಶಾಸ್ತ್ರ ಮಾಡಬೇಕೆಂದಿದ್ದೆ. ಅದನ್ನು ನಿಲ್ಲಿಸಿದ್ದಾರೆ ಎನ್ನುತ್ತಾರೆ. ಮುಂದೇನು?
— ಓದುಗರು, ತಾಳವಾಡಿ

ಉತ್ತರ: ನೀವು ಕೇಳಿದ್ದು ನಿಜ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು, ಮನಃಶಾಸ್ತ್ರವೂ ಸೇರಿದಂತೆ, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ನಡೆಸಬಾರದೆಂದು ಯುಜಿಸಿ ವಿಶ್ವವಿದ್ಯಾನಿಲಯಗಳಿಗೆ ತಿಳಿಸಿದೆ. ಆಮೇಲೂ ‘ಸೀಟು ಇದೆ’ ಎಂದು ಹಣ ಕೇಳುವ ಕೇಂದ್ರಗಳಿದ್ದರೆ ದೂರವಿರಿ.

ತಾಳವಾಡಿಯವರಿಗೆ ಚಾಮರಾಜನಗರ, ಮೈಸೂರು ಕೈಗೆಟುಕುವ ದೂರದಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಮನಃಶಾಸ್ತ್ರ ವಿಭಾಗ 1924ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರಿಂದ ಆರಂಭವಾದದ್ದು, ದೇಶದ ಹಳೆಯ ವಿಭಾಗಗಳಲ್ಲೊಂದು. ಅಲ್ಲಿಯ ಹಾಜರಾತಿ ಕೋರ್ಸಿಗೆ ನಿಮ್ಮ ಪದವಿ ವಿಷಯಗಳು ಹೊಂದುತ್ತವೆಯೇ, ಹೊರರಾಜ್ಯದವರ ಸೀಟಿನ ನಿಯಮವೇನು ಎಂದು ವಿಚಾರಿಸಿ. ಆದರೆ ನಿಮ್ಮ ಕೈಯಲ್ಲಿ ಆಗಲೇ ಎಂ.ಎಸ್.ಡಬ್ಲ್ಯು. ಇರುವಾಗ ಇನ್ನೊಂದು ಎಂ.ಎ.ಗಿಂತ ಮನೋವೈದ್ಯಕೀಯ ಸಮಾಜಕಾರ್ಯದ ದಾರಿ ನಿಮಗೆ ಹೆಚ್ಚು ಹೊಂದುತ್ತದೆಂದು ನನಗೆ ತೋರುತ್ತದೆ. 2017ರ ಕಾಯ್ದೆ ಈ ವೃತ್ತಿಯನ್ನು ಹೆಸರಿಸಿ ಗುರುತಿಸಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಗಳಿಗೆ ಇಂಥವರು ಬೇಕು. ನಮ್ಮ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗವೇ ಮಾದರಿಯಾಗಿ, 1996ರಲ್ಲಿ ದೇಶದ ಮಟ್ಟದಲ್ಲಿ ಆರಂಭವಾದ ಕಾರ್ಯಕ್ರಮವದು. ಬೆಂಗಳೂರಿನ ನಿಮ್ಹಾನ್ಸ್ ಇದರ ತರಬೇತಿಗೆ ಹೆಸರಾದ ಸಂಸ್ಥೆ, ಪ್ರವೇಶ ಪರೀಕ್ಷೆಯ ಮೂಲಕ ಸೀಟು ಕೊಡುತ್ತದೆ. ಕಡಿಮೆ ಸೀಟುಗಳಿಗೆ ಬಹಳ ಜನ ಬರೆಯುತ್ತಾರೆ, ಆದ್ದರಿಂದ ಒಂದು ವರ್ಷದ ತಯಾರಿ ಬೇಕೆಂದು ಲೆಕ್ಕ ಹಾಕಿಕೊಳ್ಳಿ. ಆ ವರ್ಷದಲ್ಲಿ ನಿಮ್ಮ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕನ್ನಡ ಮಾತ್ರ ಬಲ್ಲ ಮುದುಕರಿಗೂ ತಮಿಳು ಮಾತಾಡುವ ವೈದ್ಯರಿಗೂ ನಡುವೆ ನಿಂತು ಕೆಲಸ ಮಾಡಲು ಅವಕಾಶ ಕೇಳಿ. ಅದಕ್ಕಾಗಿ ತಮಿಳು ಓದು ಬರಹವನ್ನೂ ಚೆನ್ನಾಗಿ ಕಲಿತುಕೊಳ್ಳಿ, ಏಕೆಂದರೆ ಜಿಲ್ಲೆಯ ಕಡತ, ವರದಿ, ಸಂದರ್ಶನ ಎಲ್ಲವೂ ಆ ಭಾಷೆಯಲ್ಲಿಯೇ ನಡೆಯುತ್ತವೆ.